ತೊಟ್ಟಿಲಿಗೆ ಬಿಟ್ಟ ಕೊಂಡಿ

ತೊಟ್ಟಿಲು ಕಟ್ಟುವ ಮುಂಚೆ ಕೊಂಡಿಗೆ ರಾಗಿ ಚೀಲ ನೇತುಹಾಕಿ ತೂಗಿ ನೋಡುವುದು ಗಂಗರತ್ನಮ್ಮನ ತವರಿನ ಕಡೆಯ ಪದ್ಧತಿ. ಮಗಳು ತ್ರಿವೇಣಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಒಂಬತ್ತಕ್ಕೆ ಬೀಳುತ್ತಲೇ ಮಾಲೂರಿನಿಂದ ಕರೆತರುವುದು ಎಂದು ಬೀಗರ ಜೊತೆ ಮಾತಾಗಿತ್ತು. ಯಲ್ದೂರಿನ ಈ ಮನೆ ಕಟ್ಟಿ ಎರಡು ವರ್ಷ. ಕಾಂಕ್ರೀಟ್ ಹಾಕುವಾಗಲೇ ಹೇಳಿ ನಡುಮನೆಯ ಸೂರಿನಲ್ಲಿ ಬಿಡಿಸಿದ್ದ ಕಬ್ಬಿಣದ ಕೊಂಡಿಗೆ, ಸೋಮವಾರ ಬೆಳಿಗ್ಗೆ ಸ್ಟೂಲು ಹತ್ತಿ ಹಗ್ಗ ಏರಿಸಿ, ಅರ್ಧ ಚೀಲ ರಾಗಿ ಕಟ್ಟಿ ತೂಗಿದಳು. ಒಂದು ಸಲ ಆಯಿತು. ಎರಡನೇ ಸಲಕ್ಕೆ ಕೊಂಡಿ, ಕೊಂಡಿಯ ಸುತ್ತ ತಟ್ಟೆಯಗಲದ ಕಾಂಕ್ರೀಟು, ರಾಗಿ ಚೀಲ ಎಲ್ಲವೂ ಒಟ್ಟಿಗೆ ಕೆಳಗೆ ಬಂದವು.

ಗಂಗರತ್ನಮ್ಮ ಕುಕ್ಕರುಗಾಲಲ್ಲಿ ಕೂತು, ಬಿದ್ದ ಚೂರೊಂದನ್ನು ಅಂಗೈಯಲ್ಲಿಟ್ಟು ಹಿಸುಕಿದಳು. ಅದು ಹುರಿಹಿಟ್ಟಿನ ಹಾಗೆ ಪುಡಿಯಾಯಿತು. ಚೀಲದ ಜಾಗದಲ್ಲಿ ಕೂಸಿದ್ದಿದ್ದರೆ ಎಂಬ ಯೋಚನೆ ಬಂದು ಸಿಟ್ಟು ನೆತ್ತಿಗೇರಿತು. ಏರಿದ ಸಿಟ್ಟು ಇಳಿಯಲಿಲ್ಲ.

ಮನೆ ಕಟ್ಟಿದವನು ಮುರಳಿಮೋಹನ್. ಗಂಡ ಶ್ರೀನಿವಾಸಪ್ಪನ ಸೋದರಮಾವನ ಮಗ. ಬೈಕಿನ ಮುಂದೆ 'ಕಂಟ್ರಾಕ್ಟರ್' ಎಂದು ಕೆಂಪಕ್ಷರದಲ್ಲಿ ಬರೆಸಿದ್ದ. ಅವನ ಬಳಿ ಇದ್ದ ಲೈಸೆನ್ಸ್ ಆ ಬೈಕಿನದೊಂದೇ. ಫೋನು ಮಾಡಿದ ಮೂರನೇ ದಿನಕ್ಕೆ ಬಂದು, ತಲೆಯೆತ್ತಿ ಸೂರಿನ ಗುಂಡಿ ನೋಡಿ, ನಾಲಿಗೆ ಲೊಚಗುಟ್ಟಿದ.

"ಏನಕ್ಕಾ ನೀನು, ತೊಟ್ಟಿಲಿಗೆ ಅಂತ ಬಿಟ್ಟ ಕೊಂಡಿಗೆ ಮೂಟೆ ಕಟ್ಟಿದ್ರೆ ಇನ್ನೇನಾಗುತ್ತೆ? ಮಗು ಎಷ್ಟಿರುತ್ತೆ, ಮೂರು ಕೇಜಿ."

"ಮೂರು ಕೇಜೀಲೇ ಇದ್ದುಬಿಡುತ್ತೇನೋ? ಬೆಳೆಯಲ್ವಾ?"

"ಬೆಳೆದ್ಮೇಲೆ ತೊಟ್ಟಿಲು ಯಾಕಕ್ಕಾ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇವನು ಕೂಸೇ ಭಾರ ಅನ್ನುತ್ತಿದ್ದ. ಒಂದು ಬಾಂಡ್ಲಿ ಸಿಮೆಂಟು ಮೆತ್ತಿ, ಪುಟ್ಟಿ ತಿಕ್ಕಿ, ಬಣ್ಣ ಹೊಡೆಸಿಬಿಡುತ್ತೇನೆ, ಗುಂಡಿ ಇತ್ತು ಅಂತ ದೇವರಿಗೂ ಗೊತ್ತಾಗಲ್ಲ ಎಂದ. ದೇವರಿಗೆ ಗೊತ್ತಾಗದಿದ್ದರೆ ಹೋಗಲಿ, ನನಗೆ ಗೊತ್ತಲ್ಲ ಎಂದು ಗಂಗರತ್ನಮ್ಮ ಅವನು ತಂದಿದ್ದ ಬಾಂಡ್ಲಿಯನ್ನು ಬಾಗಿಲಾಚೆ ಇಟ್ಟಳು.

ತಪ್ಪು ಅವನದೊಂದೇ ಅಲ್ಲ ಎಂಬುದೇ ಅವಳಿಗೆ ಹೆಚ್ಚು ಉರಿಯುತ್ತಿದ್ದ ವಿಷಯ. ಈ ಸೀಮೆಯಲ್ಲಿ ಮೋಲ್ಡಿಂಗ್ ಅಂದರೆ ಹಬ್ಬ. ಸೂರಿಗೆ ಕಾಂಕ್ರೀಟ್ ಬೀಳುವ ದಿನ ಮನೆಯವರು ಮರಿ ಕಡಿಯಬೇಕು, ಮೂವತ್ತು ಆಳಿಗೆ ಮುದ್ದೆ ಮಟನ್ ಸಾರು ಬಡಿಸಬೇಕು. ಅವತ್ತು ಗಂಗರತ್ನಮ್ಮ ಬೆಳಗಿನಿಂದ ಒಲೆಯ ಮುಂದಿಂದ ಎದ್ದಿರಲಿಲ್ಲ. ಶ್ರೀನಿವಾಸಪ್ಪ ಬಾಳೆಲೆ, ನೀರು, ಸೌದೆ ಅಂತ ಓಡಾಡುತ್ತಿದ್ದ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಹತ್ತು ಜನ ನೋಡಿದರು. ಮಿಕ್ಸರಿಗೆ ಎಷ್ಟು ಸಿಮೆಂಟು ಬಿತ್ತು, ಎಷ್ಟು ನೀರು ಸುರಿದರು ಎಂದು ಒಬ್ಬರೂ ನೋಡಲಿಲ್ಲ. ಕೊನೆಗೆ ಮುರಳಿಗೆ ಪಂಚೆ, ಶಲ್ಯ, ತಾಂಬೂಲ ಕೊಟ್ಟು ಕೈಮುಗಿದಿದ್ದೂ ಆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ದೂರು ಕೊಡಲೆಂದು ಶ್ರೀನಿವಾಸಪುರಕ್ಕೆ ಹೋಗಿ ಒಂದು ಸರ್ಕಾರಿ ಕಚೇರಿಯ ಮೆಟ್ಟಿಲನ್ನೂ ಹತ್ತಿದಳು. ಅಲ್ಲಿದ್ದಾತ ಒಳ್ಳೆಯವನೇ, ಕೂರಿಸಿ ಕೇಳಿದ. ಅಗ್ರಿಮೆಂಟ್ ಇದೆಯಾ? ಇಲ್ಲ. ಬಿಲ್ಲು? ಇಲ್ಲ. ಅವನ ಲೈಸೆನ್ಸ್ ನಂಬರು?

"ಲೈಸೆನ್ಸೇ ಇಲ್ಲ ಸ್ವಾಮಿ."

"ಹಾಗಾದ್ರೆ ನಮ್ಮ ಪಾಲಿಗೆ ಅವನು ಕಂಟ್ರಾಕ್ಟರೇ ಅಲ್ಲಮ್ಮ. ಕೋರ್ಟಿಗೆ ಹೋಗಬಹುದು. ಆದ್ರೆ ಅದು ಮುಗಿಯೋಷ್ಟರಲ್ಲಿ ನಿಮ್ಮ ಮೊಮ್ಮಗು ಸ್ಕೂಲಿಗೆ ಹೋಗ್ತಿರುತ್ತೆ."

ಮನೆಗೆ ಬಂದರೆ ಬುದ್ಧಿವಾದ ಹೇಳುವವರ ಸಾಲು. ಕೋಲಾರದಲ್ಲಿ ಸ್ಟ್ಯಾಂಡಿನ ತೊಟ್ಟಿಲು ಸಿಗುತ್ತದೆ, ಕೊಂಡಿಯ ತಂಟೆಯೇ ಬೇಡ ಅಂದರು. ಬಾಣಂತನ ಮಾಲೂರಲ್ಲೇ ಆಗಲಿ ಅಂದರು. ಶ್ರೀನಿವಾಸಪ್ಪ ಮಾವಿನ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಹೆಂಡತಿಯ ಮುಖ ನೋಡದೆ ಅಂದ:

"ನೆಂಟಸ್ತನ ಕಣೇ. ಅವನ ಮೇಲೆ ಹೋದ್ರೆ ಮಾವನ ಮನೆ ಬಾಗಿಲು ಮುಚ್ಚೋಗುತ್ತೆ."

"ಮುಚ್ಲಿ. ಆ ಬಾಗಿಲು ಮುಚ್ಚಿದ್ರೆ ಯಾರ ತಲೆ ಮೇಲೂ ಬೀಳಲ್ಲ. ಈ ಸೂರು ಬೀಳುತ್ತೆ."

"ಏನ್ ಮಾಡ್ತೀಯ ಮತ್ತೆ?"

ಅವಳಿಗೂ ಗೊತ್ತಿರಲಿಲ್ಲ. ಆದರೆ ತೇಪೆ ಹಾಕಿದ ಸೂರಿನ ಕೆಳಗೆ ಮಗಳನ್ನೂ ಮೊಮ್ಮಗುವನ್ನೂ ಮಲಗಿಸುವುದಿಲ್ಲ, ಮಗಳನ್ನು ಬರಬೇಡ ಅನ್ನುವುದೂ ಇಲ್ಲ. ಈ ಎರಡು ಮಾತ್ರ ಅವಳಿಗೆ ಖಚಿತವಾಗಿತ್ತು.

ಮುಂದಿನ ಗುರುವಾರ ಪಕ್ಕದ ಮನೆಯ ಶಾಮಲಮ್ಮನದು ಮೋಲ್ಡಿಂಗ್. ಅದೂ ಮುರಳಿಯದೇ ಕೆಲಸ. ಬೆಳಿಗ್ಗೆಯೇ ಮರಿ ಕಡಿದಾಗಿತ್ತು, ಮಿಕ್ಸರ್ ಗುಡುಗುಟ್ಟುತ್ತಿತ್ತು, ಹೆಂಗಸರೆಲ್ಲ ಚಪ್ಪರದಡಿ ಈರುಳ್ಳಿ ಹೆಚ್ಚುತ್ತಿದ್ದರು. ತೆಲುಗು ಮನೆಮಾತಿನ ಶಾಮಲಮ್ಮ ಅತ್ತಿಗೆಯನ್ನು ಕರೆಯುವ ಹಾಗೆ ಕಾಂಪೌಂಡಿನಾಚೆಯಿಂದಲೇ ಕೂಗಿದಳು:

"ವದಿನಾ, ಬಾ ಬೇಗ! ಮಸಾಲೆ ನೀನೇ ಹುರೀಬೇಕು, ನಿನ್ ಕೈ ಬೀಳ್ದೆ ಸಾರಾಗಲ್ಲ."

ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಗಂಗರತ್ನಮ್ಮನಿಗೆ ಏನು ಮಾಡಬೇಕೆಂಬುದು ಹೊಳೆಯಿತು. "ಬಂದೆ" ಎಂದಳು. ಸೆರಗು ಬಿಗಿದು, ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು, ತನ್ನ ಮನೆಯ ಮಾಳಿಗೆಯ ಮೆಟ್ಟಿಲು ಹತ್ತಿದಳು.

ಸೂರಿನಡಿ ಗೋಡೆ ಎಲ್ಲಿ ಹಾದಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೋಡೆಯ ನೆತ್ತಿಗೆ ನೇರ ನಿಂತು, ತಾನು ಬೀಳದ ಹಾಗೆ, ಹಾರೆಗೆ ಎಟುಕುವಷ್ಟು ಮುಂದಕ್ಕೆ, ಗುಂಡಿ ಬಿದ್ದಿದ್ದ ಕಡೆ ಹಾರೆ ಬಿಟ್ಟಳು. ಸೂರು ಒಡೆಯುವುದಕ್ಕೆ ಮೆಷಿನ್ನೇ ಬೇಕು ಅನ್ನುತ್ತಾರೆ. ಐವತ್ತರ ಹತ್ತಿರದ ಹೆಂಗಸು, ಒಂದು ಹಾರೆ, ಏಳೋ ಎಂಟೋ ಏಟು. ಕಂಬಿಗಳ ಸಂದಿಯಲ್ಲಿ ನಡುಮನೆಯ ನೆಲ ಕಂಡಿತು. ಅವಳಿಗೆ ಅಳು ಬಂತು, ಅಳುತ್ತಲೇ ಇನ್ನೂ ನಾಲ್ಕು ಹಾಕಿದಳು. ಇದೇ ಸೂರಿಗಾಗಿ ಹದಿನೈದು ವರ್ಷ ಹಾಲು ಮಾರಿದ್ದಳು.

"ರತ್ನಾ, ಇಳಿಯೇ! ಹುಚ್ಚು ಹಿಡೀತಾ ನಿಂಗೆ?" ಶ್ರೀನಿವಾಸಪ್ಪ ಅಂಗಳದಿಂದ ಕೂಗಿದ.

"ಹಿಡಿದಿದ್ದು ಎರಡು ವರ್ಷದ ಹಿಂದೆ. ಇವತ್ತು ಬಿಡ್ತು."

ಈರುಳ್ಳಿ ಹೆಚ್ಚುತ್ತಿದ್ದ ಕೈಗಳು ನಿಂತವು. ಮೊದಲು ಮೆಟ್ಟಿಲು ಹತ್ತಿ ಬಂದವಳು ಶಾಮಲಮ್ಮ, ಮಸಾಲೆ ಕೈಯಲ್ಲೇ. ಗುಂಡಿಯೊಳಗೆ ಬಗ್ಗಿ ನೋಡಿದಳು, ಅಂಚಿನಿಂದ ಚೂರು ಕಿತ್ತಳು, ಬೆರಳಲ್ಲಿ ತಿಕ್ಕಿದಳು.

"ಓರಿ ದೇವುಡಾ! ಇದೇನು ವದಿನಾ, ಬರೀ ಧೂಳು?"

"ನಾನು ಮಸಾಲೆ ಹುರೀತಾ ಕೂತಿದ್ದೆ ಕಣೇ ಅವತ್ತು. ಘಮಘಮ ಅಂತಿತ್ತು. ಇವತ್ತು ನಿನ್ ಸರದಿ. ಹೋಗು, ಹುರಿ."

ಶಾಮಲಮ್ಮ ಹುರಿಯಲು ಹೋಗಲಿಲ್ಲ. ದಡದಡ ಇಳಿದು ತನ್ನ ಮನೆಯ ಮುಂದೆ ಹೋಗಿ, ಮಿಕ್ಸರ್ ನಿಲ್ಲಿಸ್ರೋ ಎಂದಳು. ಅವಳ ಗಂಡ, ಸೂರಿಗೆ ಆನಿಕೆ ಕೊಟ್ಟ ಸೆಂಟ್ರಿಂಗ್ ಹಲಗೆಯ ಬಾಡಿಗೆ ಏನಾಗಬೇಕೇ ಎಂದು ಬಾಯಿ ತೆರೆದ. ಬಾಡಿಗೆ ಸೆಂಟ್ರಿಂಗಿಗೆ ತಾನೇ, ನಿನ್ ತಲೆಗಲ್ವಲ್ಲ ಎಂದು ಆ ಬಾಯಿ ಮುಚ್ಚಿಸಿದಳು. ಹೆಂಗಸರೆಲ್ಲ ಎದ್ದು ಮಿಕ್ಸರಿನ ಸುತ್ತ ನಿಂತರು. ಆಗಲೇ ಕಲೆಸಿ ಸುರಿದಿದ್ದ ಕಾಂಕ್ರೀಟು ಅಂಬಲಿಯ ಹಾಗೆ ನೀರು ಬಿಡುತ್ತಿತ್ತು.

ಮುರಳಿ ಗಂಗರತ್ನಮ್ಮನ ಮಾಳಿಗೆಗೆ ಓಡಿ ಬಂದ. ಮುಖದಲ್ಲಿ ಸಿಟ್ಟಿತ್ತು, ದನಿಯಲ್ಲಿ ಬೇಡಿಕೆಯಿತ್ತು.

"ಏನ್ ಮಾಡ್ಬಿಟ್ಟೆ ಅಕ್ಕಾ! ನಿನ್ ಮನೆ ನೀನೇ ಒಡ್ಕೊಂಡ್ಯಲ್ಲ."

"ನನ್ ಮನೆ ಅಲ್ವೇನೋ, ಒಡ್ಕೊಂಡೆ. ನಿನ್ ಕೆಲಸ ಏನು ಅಂತ ಊರು ನೋಡ್ಲಿ ಅಂತ."

"ಮೆಲ್ಲಗೆ ಮಾತಾಡು. ಈ ಊರಲ್ಲಿ ಇನ್ನೂ ಮೂರು ಮನೆ ಒಪ್ಕೊಂಡಿದೀನಿ. ನನ್ ಹೊಟ್ಟೆ ಮೇಲೆ ಹೊಡೀಬೇಡ."

"ಆ ಮೂರು ಮನೇಲೂ ಜನ ಮಲಗ್ತಾರೆ ಮುರಳಿ. ಸೂರು ನೋಡ್ಕೊಂಡು, ಅಂಗಾತ ಮಲಗ್ತಾರೆ."

ಅವನು ಬಗ್ಗಿ ಗುಂಡಿ ನೋಡಿದ. ಅಷ್ಟು ಹತ್ತಿರದಿಂದ ತನ್ನ ಕೆಲಸವನ್ನು ಅವನು ಯಾವತ್ತೂ ನೋಡಿದವನಲ್ಲ ಅಂತ ಕಾಣುತ್ತದೆ. ಕಂಬಿಯನ್ನು ಬೆರಳಲ್ಲಿ ಮೀಟಿದ, ಅದು ಕಾಂಕ್ರೀಟಿಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಅಲ್ಲಾಡಿತು. ಕೆಳಗಿನಿಂದ ಶಾಮಲಮ್ಮನ ದನಿ ಬಂತು:

"ಏ ಮುರಳೀ, ಕೇಳಿಸ್ಕೋ! ರತ್ನಮ್ಮನ ಸೂರು ಮೊದ್ಲು. ಅದು ನಿಂತಿದ್ದು ನೋಡಿ ಆಮೇಲೆ ನಮ್ಮದು. ಇಲ್ಲಾಂದ್ರೆ ನಿನ್ ಮಿಕ್ಸರ್ ಎತ್ಕೊಂಡು ಹೋಗ್ತಾ ಇರು!"

"ಹೌದು," ಎಂದು ಬೇರೆ ಹೆಂಗಸರೂ ದನಿಗೂಡಿಸಿದರು. ಅವರಲ್ಲಿ ಇಬ್ಬರು ಆ ಮೂರು ಮನೆಗಳವರು.

ಮುರಳಿ ನೆಂಟಸ್ತನದ ಮಾತು ತೆಗೆದು ನೋಡಿದ, ಸೊಂಟ ನೋವು ಅಂದ, ನಾಳೆಯಿಂದ ನೋಡೋಣ ಅಂದ. ಗಂಗರತ್ನಮ್ಮ ಹಾರೆಯನ್ನು ಅವನ ಕೈಗೆ ಕೊಟ್ಟಳು.

"ನಾಳೆ ಅಲ್ಲ, ಈಗ. ನೀನೇ ಒಡಿ. ಸಿಮೆಂಟು ನಿಂದು, ಕಂಬಿ ನಿಂದು, ಕೂಲಿನೂ ನಿಂದು. ಶ್ರೀನಿವಾಸಪುರದಿಂದ ಓದಿರೋ ಎಂಜಿನಿಯರ್ ಬಂದು ನಿಂತ್ಕೊಂಡ ಮೇಲೇ ಮಿಕ್ಸರ್ ತಿರುಗ್ಬೇಕು. ನಾನು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಅವತ್ತು ನಮ್ಮನೇಲಿ ಒಲೆ ಹಚ್ಚಲ್ಲ, ತಿಳ್ಕೋ."

ಅವನು ಮೊದಲ ಏಟು ಹಾಕಿದ. ಆಳುಗಳನ್ನೂ ಮೇಲೆ ಕರೆದ. ಸಂಜೆಯ ಹೊತ್ತಿಗೆ ನಡುಮನೆಯ ಮೇಲೆ ಕಂಬಿಯ ಬಲೆ, ಬಲೆಯ ಮೇಲೆ ಆಕಾಶ. ಶ್ರೀನಿವಾಸಪ್ಪ ಮಂಚ, ಬೀರು, ಟೀವಿ ಎಲ್ಲವನ್ನೂ ಹಿಂದಿನ ಶೀಟಿನ ಅಡುಗೆಮನೆಗೆ ಸಾಗಿಸಿದ. ಕೊನೆಗೆ ಹೆಂಡತಿಯ ಅಂಗೈಯ ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ ತಂದುಕೊಟ್ಟ. ಅವನ ಮಟ್ಟಿಗೆ ಅದು ದೊಡ್ಡ ಮಾತೇ.

ಅಷ್ಟರಲ್ಲಿ ಸುದ್ದಿ ಮಾಲೂರು ಮುಟ್ಟಿತ್ತು. ತ್ರಿವೇಣಿಯ ಫೋನು ಬಂತು, ದನಿ ಅಳುವ ಹಾಗಿತ್ತು.

"ಅಮ್ಮಾ, ಏನಮ್ಮಾ ಇದು? ಸೂರೇ ಇಲ್ಲದ ಮನೆಗೆ ಬಸುರೀನ ಹೆಂಗೆ ಕಳಿಸೋದು ಅಂತಾವ್ರೆ ನಮ್ಮತ್ತೆ."

ಗಂಗರತ್ನಮ್ಮ ತಲೆಯೆತ್ತಿ ನೋಡಿದಳು. ಕೊಂಡಿ ಬಿದ್ದ ಮೇಲೆ ಮೊದಲ ಸಲ ಆ ಜಾಗದಲ್ಲಿ ಭಯವಿಲ್ಲದೆ ನಿಂತಿದ್ದಳು.

"ನಮ್ಮನೆಗೆ ಎರಡು ವರ್ಷದಿಂದಲೂ ಸೂರು ಇರ್ಲಿಲ್ಲ ಕಣೇ, ಈಗ ಗೊತ್ತಾಯ್ತು ಅಷ್ಟೆ. ನೀನು ಬರೋಷ್ಟರಲ್ಲಿ ಇರುತ್ತೆ ಅಂತ ಹೇಳು ನಿಮ್ಮತ್ತೆಗೆ."