ಹರಕೆಯ ಹುಂಜ

ಮೌನೇಶನಿಗೆ ಕಾಮಣಿ ಆಗಿ ಮೈಯೆಲ್ಲ ಹಳದಿ ತಿರುಗಿದಾಗ ಅವನ ತಾಯಿ ಮಾಲವ್ವ ಊರದೇವಿ ದ್ಯಾಮವ್ವನಿಗೆ ಹರಕೆ ಹೊತ್ತು ಒಂದು ಹುಂಜ ಬಿಟ್ಟಳು. ಮಗ ಎದ್ದು ಓಡಾಡತೊಡಗಿದ. ಹುಂಜ ಇನ್ನಷ್ಟು ಮೈತುಂಬಲಿ, ಆಮೇಲೆ ಒಪ್ಪಿಸಿದರಾಯಿತು ಎಂದು ಆಕೆ ಮುಂದೂಡುತ್ತ ಹೋದಳು. ಅಷ್ಟರಲ್ಲಿ ಮೌನೇಶ ದಾಂಡೇಲಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತ. ತಡಮಾಡಿದ್ದಕ್ಕೆ ದೇವಿ ಮಗನನ್ನೇ ಒಯ್ದಳೆಂಬುದರಲ್ಲಿ ಮಾಲವ್ವನಿಗೆ ಸಂಶಯವಿರಲಿಲ್ಲ. ಈಗ ಸೊಸೆ ಲಕ್ಷ್ಮಿಯ ಹೊಟ್ಟೆಯಲ್ಲಿ ಅವನ ಕೂಸಿತ್ತು. ಬರುವ ಮಂಗಳವಾರ ಹುಂಜ ಗುಡಿ ಮುಟ್ಟದಿದ್ದರೆ ಆ ಕೂಸೂ ಉಳಿಯುವುದಿಲ್ಲ ಎಂದು ಆಕೆ ನಂಬಿದ್ದಳು.

ದೇವಿಗೆ ಬಿಟ್ಟ ಹುಂಜವನ್ನು ಕಟ್ಟುವಂತಿಲ್ಲ, ಬುಟ್ಟಿಯಡಿ ಮುಚ್ಚುವಂತಿಲ್ಲ, ಕೈಯೆತ್ತಿ ಹೊಡೆಯುವಂತಿಲ್ಲ. ಅದು ಹಿತ್ತಲಲ್ಲಿ ಧಣಿಯಂತೆ ಮೆರೆಯುತ್ತಿತ್ತು. ಅದೇ ಹಿತ್ತಲಲ್ಲಿ ಲಕ್ಷ್ಮಿ ಕಾವಿಗೆ ಕೂಡಿಸಿದ ಹ್ಯಾಟಿ, ಕೆಂಪು ಹೆಣ್ಣುಕೋಳಿ, ಮರಿ ಎಬ್ಬಿಸಿತು. ಲಕ್ಷ್ಮಿ ತಾಯಿಕೋಳಿ ಮತ್ತು ಮರಿಗಳ ಮೇಲೆ ಬುಟ್ಟಿ ಕವುಚಿದಳು. ಮಾಲವ್ವ ಬಂದು ಅದನ್ನು ಒದ್ದು ಉರುಳಿಸಿದಳು.

"ಅತ್ತಿ, ಹುಂಜ ಮರಿ ಕುಕ್ಕತೈತಿ. ಬಲಿಯೂತನಕ ಬ್ಯಾರೆ ಇರ್ಲಿ ಬಿಡ್ರಿ."

"ಎಲ್ಲಾ ಕೋಳಿ ಜೋಡಿನ ಬೆಳೀಲಿ. ನನ್ನ ಮಗನ್ನ ನಾ ಯಾವ ಬುಟ್ಟ್ಯಾಗ ಮುಚ್ಚಿಟ್ಟಿದ್ನೆ?"

"ಮುಚ್ಚಿಟ್ಟಿದ್ರ ಉಳೀತಿದ್ನೋ ಏನೋ, ಮಾಲಕ್ಕ!" ಬೇಲಿಯಾಚೆಯಿಂದ ನೆರೆಮನೆಯ ಯಲ್ಲವ್ವ ನಕ್ಕಳು.

ನಿಜ ಹೇಳಬೇಕೆಂದರೆ, ಆ ಹ್ಯಾಟಿ ಮರಿಗಳನ್ನು ಕರೆಯುವ ದನಿಯನ್ನೇ ಮಾಲವ್ವನಿಗೆ ಕೇಳಲಾಗುತ್ತಿರಲಿಲ್ಲ. ನಾಲ್ಕು ಮರಿ ಹೋಗಲಿ, ಕಳಕೊಂಡ ಸಂಕಟ ಇದಕ್ಕೂ ಗೊತ್ತಾಗಲಿ ಎಂದು ಒಳಗೊಳಗೇ ಬಯಸಿದ್ದಳು.

ಮಂಗಳವಾರ ಬೆಳಿಗ್ಗೆ ಹುಂಜ ಒಂದು ಮರಿಯನ್ನು ಕುಕ್ಕಿ ಎಳೆದಾಡಿತು. ಹ್ಯಾಟಿ ರೆಕ್ಕೆ ಕೆದರಿ ಅದರ ಮೋರೆಗೇ ಹಾರಿತು. ಮಾಲವ್ವ ಓಡಿ ಬರುವಷ್ಟರಲ್ಲಿ ಹುಂಜದ ಒಂದು ಕಣ್ಣು ಕಿತ್ತುಬಂದು ರಕ್ತ ಸುರಿಯುತ್ತಿತ್ತು. ಆಕೆ ಹ್ಯಾಟಿಯನ್ನು ಹಿಡಿದು, ಮರಿಗಳು ಕಾಲಲ್ಲಿ ಸುತ್ತುತ್ತಿರುವಂತೆಯೇ ಕುತ್ತಿಗೆ ತಿರುವಿ ಸೊಸೆಯ ಮುಂದೆ ಎಸೆದಳು.

"ಸಾರು ಮಾಡು."

ರಕ್ತ ಒರೆಸುತ್ತ ಹುಂಜವನ್ನು ಎದೆಗಪ್ಪಿಕೊಂಡು ಗುಡಿಗೆ ನಡೆದಳು. ಪೂಜಾರಿ ಕೈಯಿಂದ ಮುಟ್ಟಲೂ ಇಲ್ಲ.

"ಕುರುಡು ಹುಂಜ ಕೊಟ್ಟು ದೇವಿ ಕಣ್ಣಿಗೆ ಮಣ್ಣು ಎರಚ್ತೀಯೇನವಾ? ಊನ ಆದದ್ದು ನಡೆಯೂದಿಲ್ಲ." ಆಕೆ ಹೊಸ್ತಿಲಿಗೆ ಹಣೆ ಹೊಡೆದುಕೊಂಡು ಅತ್ತಾಗ ಅವನ ದನಿ ಮೆತ್ತಗಾಯಿತು. "ಇದರ ರಕ್ತದ್ದ ಮರಿ ಅದಾವೇನು? ಹೋಗಿ ತಗೊಂಡ್ಬಾ, ಕಾಯಿ ಒಡೆದು ಬಿಡೂಣು. ಅದರಾಗ ಗಂಡು ಬೆಳೆಯೂತನಕ ಅಕಿ ಕಾಯ್ತಾಳ. ತಾಯಿ ರೆಕ್ಕಿಯಾಗ ಬೆಚ್ಚಗಿರ್ಲಿ ಅಷ್ಟ."

ಮಾಲವ್ವ ಹುಂಜವನ್ನು ಅಲ್ಲೇ ಬಿಟ್ಟು ಓಡಿದಳು.

ಹಿತ್ತಲಲ್ಲಿ ಉಳಿದ ಕೋಳಿಗಳು ಕೆದಕುತ್ತಿದ್ದವು. ತಾಯಿಯಿಲ್ಲದ ಮರಿಗಳನ್ನು ಅವು ಕುಕ್ಕದೆ ಬಿಟ್ಟಿರಲಿಲ್ಲ. ಗೋಡೆಯ ಬುಡದಲ್ಲಿ ಅಲ್ಲಲ್ಲಿ ಬಿದ್ದಿದ್ದ ಮರಿಗಳನ್ನು ಆಕೆ ಒಂದೊಂದಾಗಿ ಹೊರಳಿಸಿದಳು. ತಲೆಯ ಚರ್ಮ ಸುಲಿದ ಒಂದಕ್ಕೆ ಮಾತ್ರ ಉಸಿರಿತ್ತು. ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಅಡುಗೆಮನೆಗೆ ಬಂದಳು.

"ಲಕ್ಷ್ಮೀ, ಇದು ಗಂಡು ಐತೇನು ನೋಡ."

"ಇಷ್ಟ ಸಣ್ಣದಿದ್ದಾಗ ಯಾರಿಗೆ ಗೊತ್ತಾಗತೈತ್ರಿ?" ಲಕ್ಷ್ಮಿ ಒಲೆಯ ಮುಂದಿನಿಂದ ತಿರುಗಲಿಲ್ಲ.

ಮಾಲವ್ವ ಹ್ಯಾಟಿಯಂತೆಯೇ ಕೊಕ್ ಕೊಕ್ ಎನ್ನುತ್ತ ಮರಿಯನ್ನು ಕರೆದಳು. ಅದು ಚಿಂವ್‌ಗುಡುತ್ತಲೇ ಇತ್ತು. ಸಾರು ಕುದಿದು ಮಸಾಲೆಯ ವಾಸನೆ ಮನೆ ತುಂಬುವ ಹೊತ್ತಿಗೆ ಸುಮ್ಮನಾಯಿತು. ಆಕೆ ಕುಪ್ಪಸದೊಳಗೆ ಕೈ ಹಾಕಿ ಮುಟ್ಟಿದಳು, ಹೊರಗೆ ತೆಗೆಯಲಿಲ್ಲ. ತೆವಳುತ್ತ ಬಂದು ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಡಲು ಹೋದಳು.

ಲಕ್ಷ್ಮಿ ಆ ಕೈಯನ್ನು ಸರಿಸಿದಳು.

"ರಕ್ತ ಐತಿ. ತೊಳ್ಕೊಂಡ ಬರ್ರಿ, ಊಟಕ್ಕ ಹಾಕ್ತೇನಿ."