ಪ್ರತಿ ಸಾಲೂ ಬೇರೆ

ನಾನೊಂದು ಪ್ರೋಗ್ರಾಂ. ಹೆಸರು ತಾಳೆ. ಆಟದ ಪ್ರೋಗ್ರಾಂ ಅಲ್ಲ, ಹಾಡಿನದೂ ಅಲ್ಲ. ನನಗೆ ಬಣ್ಣವಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರವಾಗಿ ಬಂದು, ಹೇಳಬೇಕಾದ್ದನ್ನು ಹೇಳಿ ಹೋಗುತ್ತೇನೆ. ಒಂದೇ ಬರಹದ ಎರಡು ಪ್ರತಿಗಳನ್ನು, ಹಳೆಯದೊಂದು ಹೊಸದೊಂದು, ನನ್ನ ಮುಂದಿಟ್ಟರೆ ಸಾಲಿಗೆ ಸಾಲು ತಾಳೆ ನೋಡುತ್ತೇನೆ. ಎರಡರಲ್ಲೂ ಇರುವ ಸಾಲುಗಳ ಗೊಡವೆಗೆ ಹೋಗುವುದಿಲ್ಲ. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಸಾಲಿಗೆ ಮೈನಸ್, ಹೊಸದಾಗಿ ಬಂದ ಸಾಲಿಗೆ ಪ್ಲಸ್. ಭೇದವೇ ನನ್ನ ಬದುಕು. ಮನುಷ್ಯರಲ್ಲೂ ಈ ಕಸುಬಿನವರು ಬೇಕಾದಷ್ಟಿದ್ದಾರೆ. ಅವರು ಭೇದ ಹುಟ್ಟಿಸುತ್ತಾರೆ, ನಾನು ಇದ್ದದ್ದನ್ನು ತೋರಿಸುತ್ತೇನೆ. ಅಷ್ಟೇ ಭೇದ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ. ನನ್ನನ್ನು ಬರೆದವರು ಪ್ರಮೋದಿನಿ ಮೇಡಂ. ಹುಡುಗರು ಒಬ್ಬರ ಪ್ರೋಗ್ರಾಂ ಒಬ್ಬರು ಕದ್ದು ತಂದು ಒಪ್ಪಿಸುವುದು ಅವರಿಗೆ ಸಾಕುಸಾಕಾಗಿತ್ತು. ಕಳ್ಳರನ್ನು ಹಿಡಿಯಲೆಂದೇ ನನ್ನ ಜನ್ಮವಾಯಿತು. ಇಬ್ಬರ ಕಡತಗಳನ್ನು ಕೊಟ್ಟಾಗ ನಾನು ಒಂದು ಮೈನಸ್ಸೂ ಒಂದು ಪ್ಲಸ್ಸೂ ಹಾಕದೆ ಬಾಯಿ ಮುಚ್ಚಿಕೊಂಡರೆ ಮುಗಿಯಿತು, ಇಬ್ಬರೂ ಸಿಕ್ಕಿಬಿದ್ದರು.

"ಮೇಡಂ, ದೇವರಾಣಿ ಕಾಪಿ ಹೊಡದಿಲ್ರಿ! ಇಬ್ರಿಗೂ ಒಂದ ವಿಚಾರ ಬಂತ್ರಿ!"

"ವಿಚಾರ ಒಂದ ಬರಲಪಾ. ತಪ್ಪೂ ಒಂದ ಬರತಾವೇನು?"

ಎಲ್ಲರೂ ಮಾತಾಡಿ ಚಾಡಿ ಹೇಳಿದರೆ ನಾನು ಸುಮ್ಮನಿದ್ದು ಹೇಳುತ್ತಿದ್ದೆ. ಹುಡುಗರು ನನಗೆ 'ಚಾಡಿಕೋರ' ಎಂದು ಹೆಸರಿಟ್ಟರು. ಬೈಗುಳವಾದರೂ ನನಗೆ ಅದು ಬಿರುದಿನಂತೆ ಕೇಳುತ್ತಿತ್ತು. ಮೇಡಂ ಮಾತ್ರ ನನ್ನ ಬಗ್ಗೆ ಪೂರ್ತಿ ತೃಪ್ತರಾಗಿರಲಿಲ್ಲ. "ಇದಕ್ಕ ಸಾಲಷ್ಟ ತಿಳಿತೈತಿ. ಮುಂದಿನ ಸೆಮಿಸ್ಟರ್‌ದಾಗ ಒಂದೊಂದ ಶಬ್ದಾನೂ ನೋಡೂಹಂಗ ಮಾಡಬೇಕು" ಎನ್ನುತ್ತಿದ್ದರು. ಅಷ್ಟರಲ್ಲಿ ಅವರನ್ನು ಪ್ರವೇಶ ಸಮಿತಿ, ಪರೀಕ್ಷಾ ಸಮಿತಿ, ಸ್ನೇಹ ಸಮ್ಮೇಳನ ಸಮಿತಿ ಎಂದು ಒಂದೊಂದಾಗಿ ನುಂಗಿದವು. ನನ್ನ ವಿದ್ಯಾಭ್ಯಾಸ ಸಾಲಿಗೇ ನಿಂತಿತು. ಶಾಲೆಗೆ 'ಸಾಲಿ' ಎನ್ನುವ ಊರಿನಲ್ಲಿ ಹುಟ್ಟಿ, ಸಾಲಿಯನ್ನು ದಾಟದ ವಿದ್ಯಾರ್ಥಿ ನಾನು.

ಮೇಡಂ ಅವರ ಸೋದರಮಾವ ಚಂಬಣ್ಣ ಗದಗಿನಲ್ಲಿ ಪ್ರೆಸ್ ಇಟ್ಟಿದ್ದರು. ಪುಸ್ತಕಗಳನ್ನು ತಾವೇ ಪ್ರಕಟಿಸಿ ಮಾರುತ್ತಿದ್ದರು. ಕರಡು ತಿದ್ದಿದ ಮೇಲೆ ಏನೇನು ಬದಲಾಯಿತೆಂದು ತಿಳಿಯದೆ ಒದ್ದಾಡುತ್ತಿದ್ದ ಅವರಿಗೆ ಮೇಡಂ ನನ್ನನ್ನು ಒಂದು ಸಿ.ಡಿ.ಯಲ್ಲಿ ಹಾಕಿ ಕೊಟ್ಟರು. "ಮಾಮಾ, ಇದು ಸುಳ್ಳ ಹೇಳೂದಿಲ್ಲ" ಎಂದರು. ನಾನು ಹೆಮ್ಮೆಯಿಂದ ಗದಗಿಗೆ ಹೊರಟೆ. ಆ ಮಾತು ನಿಜ. ಅದೇ ನನ್ನ ದುರ್ದೈವ.

ಪ್ರೆಸ್ಸಿನಲ್ಲಿ ಬೆರಳಚ್ಚು ಮಾಡುತ್ತಿದ್ದವಳು ದಾವಲಬಿ. ಅವಳು ಕಲಿತದ್ದು ಹಳೆಯ ಟೈಪ್‌ರೈಟರಿನ ಮೇಲೆ. ಆ ಯಂತ್ರದಲ್ಲಿ ಸಾಲು ಮುಗಿಯುತ್ತ ಬಂದರೆ 'ಟಿಣ್' ಎಂದು ಗಂಟೆ ಬಾರಿಸುತ್ತಿತ್ತಂತೆ; ಗಂಟೆ ಕೇಳಿದರೆ ಕಟ ಕಟ ಕಟ ಎಂದು ಕಾಗದ ಹೊತ್ತ ಗಾಡಿಯನ್ನು ಹಿಂದಕ್ಕೆ ತಳ್ಳಿ ಹೊಸ ಸಾಲು ಹಿಡಿಯಬೇಕು. ಕಂಪ್ಯೂಟರಿಗೆ ಗಂಟೆಯಿಲ್ಲ. ಸಾಲನ್ನು ಅದೇ ಮುರಿದುಕೊಳ್ಳುತ್ತದೆ. ಆದರೆ ದಾವಲಬಿಯ ಕಿವಿಯಲ್ಲಿ ಗಂಟೆ ಇನ್ನೂ ಬಾರಿಸುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಅವಳ ಕಿರುಬೆರಳು ಎಂಟರ್ ಕೀಲಿಯನ್ನು 'ಟಪ್' ಎಂದು ಹೊಡೆಯುತ್ತಿತ್ತು. ಪುಸ್ತಕದ ಅಗಲ ಬದಲಾದರೆ ಆ ಎಂಟರ್‌ಗಳನ್ನೆಲ್ಲ ಒಂದೊಂದಾಗಿ ಕಿತ್ತು, ಹೊಸ ಅಗಲಕ್ಕೆ ಮತ್ತೆ ಹೊಡೆಯಬೇಕು. ಅವಳಿಗೆ ಅದು ಬೇಸರದ ಕೆಲಸವೆನಿಸುತ್ತಿರಲಿಲ್ಲ. ಅಕ್ಕಿ ಆರಿಸಿದಂತೆ ಆರಿಸುತ್ತ ಕೂರುತ್ತಿದ್ದಳು.

ಒಂದು ದಿನ ಪ್ರೆಸ್ಸಿಗೆ ಶಿವಗಂಗಾ ಕೋಟುಮಚಗಿ ಬಂದರು. ಸುತ್ತಲಿನ ಹಳ್ಳಿಗಳಲ್ಲಿ ಸರಕಾರಿ ನರ್ಸ್ ಆಗಿ ಹೆರಿಗೆ ಮಾಡಿಸುತ್ತ ನಿವೃತ್ತರಾದವರು. ಊರಿಗೆಲ್ಲ ಗಂಗಕ್ಕ. ಚಕ್ಕಡಿಯೊಳಗೆ ಆದ ಹೆರಿಗೆ, ಹೊಲದ ಬದುವಿನ ಮೇಲೆ ಆದ ಹೆರಿಗೆ, ಅತ್ತೆ ಅಡ್ಡ ನಿಂತ ಬಾಗಿಲನ್ನು ತಳ್ಳಿ ಒಳಗೆ ಹೋಗಿ ಮಾಡಿಸಿದ ಹೆರಿಗೆ, ಎಲ್ಲವನ್ನೂ ವರ್ಷಗಟ್ಟಲೆ ಕೂತು ಬರೆದಿದ್ದರು. ದಾವಲಬಿ ಬೆರಳಚ್ಚು ಮಾಡುತ್ತ ನಡುವೆ ಕೈ ನಿಲ್ಲಿಸಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅವಳು ಬೇರೆ ಪುಸ್ತಕಗಳಿಗೆ ಆಕಳಿಸಿದ್ದನ್ನು ಮಾತ್ರ ನೋಡಿದ್ದೆ.

ಚಂಬಣ್ಣ ಆ ಪ್ರತಿಯನ್ನು ಡಾಕ್ಟರ್ ಅಬ್ಬಿಗೇರಿಯವರಿಗೆ ಕಳಿಸಿದರು. ಮದ್ದಿನ ಡಾಕ್ಟರಲ್ಲ, ಜಾನಪದದ ಡಾಕ್ಟರು. ಕಾಲೇಜಿಗೆ ಪಠ್ಯಪುಸ್ತಕ ಆರಿಸುವವರಲ್ಲಿ ಅವರೂ ಒಬ್ಬರಾದ್ದರಿಂದ ಚಂಬಣ್ಣನಿಗೆ ಅವರೆಂದರೆ ಅಂಜಿಕೆ. "ಒಂದಿಷ್ಟ ತಿದ್ದಿ, ಮುನ್ನುಡಿ ಬರಕೊಡ್ರಿ ಸರ್" ಎಂದು ಕೇಳಿದ್ದರು. ಸರ್ ತಿದ್ದಿದರು. 'ಬಾಣಂತಿ' ಇದ್ದಲ್ಲಿ 'ಪ್ರಸೂತಾ ಸ್ತ್ರೀ' ಎಂದರು. 'ಹೊಕ್ಕಳಬಳ್ಳಿ ಕೊಯ್ದೆ' ಎಂಬುದನ್ನು 'ನಾಭಿನಾಳ ವಿಚ್ಛೇದನಗೈದೆ' ಮಾಡಿದರು. ಇಂಥವು ಎಲ್ಲ ಸೇರಿ ಒಂದು ಪುಟ ತುಂಬುವಷ್ಟೂ ಇರಲಿಲ್ಲ. ಪುಸ್ತಕ ಕೈಯಲ್ಲಿ ಹಿಡಿಯಲು ಚಂದವಿರಲಿ, ಅಗಲ ಕಡಿಮೆ ಮಾಡಿ ಎಂದರು. ಕೊನೆಗೆ ಮೊದಲ ಹಾಳೆಯಲ್ಲಿ 'ಲೇಖಕರು' ಎಂಬಲ್ಲಿ ತಮ್ಮ ಹೆಸರು ಬರೆದು, ಕೆಳಗೆ ಸಣ್ಣದಾಗಿ 'ವಕ್ತೃ: ಶಿವಗಂಗಾ' ಎಂದು ಸೇರಿಸಿದರು. ಜಾನಪದದವರ ಭಾಷೆಯಲ್ಲಿ ವಕ್ತೃ ಎಂದರೆ ಹಾಡಿದವಳು, ಹೇಳಿದವಳು. ಬರೆದವರು ಯಾವಾಗಲೂ ಬೇರೆ ಇರುತ್ತಾರೆ.

ದಾವಲಬಿ ಆ ತಿದ್ದುಪಡಿಗಳನ್ನು ಸೇರಿಸಿ, ಹೊಸ ಅಗಲಕ್ಕೆ ಎಂಟರ್‌ಗಳನ್ನು ಕಿತ್ತು ಹೊಡೆದು, ತಮ್ಮನ ಮದುವೆಗೆಂದು ತವರಿಗೆ ಹೋದಳು. ಮರುದಿನ ಗಂಗಕ್ಕ ಪ್ರೆಸ್ಸಿಗೆ ಬಂದು, ಸರ್ ತಿದ್ದಿದ್ದ ಪ್ರತಿಯ ಮೊದಲ ಹಾಳೆ ನೋಡಿದರು.

"ಚಂಬಣ್ಣಾ, ಇದೇನಪಾ? ನಾ ಯಾರ ಮುಂದ ಯಾವಾಗ ಹೇಳೀನಿ? ಕೈ ನೋಯೂತನಕ ಬರದೀನಿ."

ಅಬ್ಬಿಗೇರಿ ಸರ್ ಅಲ್ಲೇ ಕುರ್ಚಿಯಲ್ಲಿದ್ದರು. "ನೀವು ಕೊಟ್ಟದ್ದು ಸಾಮಗ್ರಿ ನರ್ಸ್ ಬಾಯಾರ. ಹಿಟ್ಟು ಕೊಟ್ಟಾಕಿ ರೊಟ್ಟಿ ನಂದು ಅನಬಾರದು. ಪ್ರತಿಯೊಂದು ಸಾಲೂ ನಾ ಹೊಸದಾಗಿ ಬರದೀನಿ."

"ಪ್ರತಿಯೊಂದ ಸಾಲೇ?"

"ಪ್ರತಿಯೊಂದು."

ಇಬ್ಬರ ನಡುವೆ ಚಂಬಣ್ಣ ಸಿಕ್ಕಿಕೊಂಡರು. ಗಂಗಕ್ಕ ಚಂಬಣ್ಣನ ಇಬ್ಬರು ಮಕ್ಕಳನ್ನೂ ಹಡೆಯಿಸಿದವರು. ಸರ್ ಪ್ರೆಸ್ಸಿನ ಪುಸ್ತಕಗಳನ್ನು ಮಾರಿಸುವವರು. ತಾವು ಬಾಯಿ ಬಿಟ್ಟರೆ ಒಬ್ಬರು ಕೆಡುತ್ತಾರೆ. ಆಗ ಅವರಿಗೆ ನನ್ನ ನೆನಪಾಯಿತು.

"ಜಗಳ ಯಾಕ್ರಿ? ನಮ್ಮ ಹಂತ್ಯಾಕ ಒಂದು ಯಂತ್ರ ಐತಿ. ನಮ್ಮ ಪ್ರಮ್ಮಿ ಮಾಡಿದ್ದು. ಅದಕ್ಕ ನೀವೂ ಗೊತ್ತಿಲ್ಲ, ಅವರೂ ಗೊತ್ತಿಲ್ಲ. ಅದು ಹೇಳಿದಂಗ ಕೇಳೂಣು."

ಪಂಚರ ಕಟ್ಟೆಯ ಮೇಲೆ ನನ್ನನ್ನು ಕೂರಿಸಿದರು. ಹಳೆಯ ಕಡತ ಒಂದು ಕಡೆ, ಹೊಸ ಕಡತ ಇನ್ನೊಂದು ಕಡೆ. ನಾನು ಓದತೊಡಗಿದೆ. ಹಳೆಯದರ ಮೊದಲ ಸಾಲು 'ಮಳಿ ಹೊಡೀಲಿಕ್ಕೆ ಹತ್ತಿತ್ತು, ಹಳ್ಳ ತುಂಬಿ ಬಂದಿತ್ತು, ಆಚಿ' ಎಂದು ಮುಗಿದಿತ್ತು. ಹೊಸದರ ಮೊದಲ ಸಾಲು 'ಮಳಿ ಹೊಡೀಲಿಕ್ಕೆ ಹತ್ತಿತ್ತು, ಹಳ್ಳ' ಎಂದು ಮುಗಿದಿತ್ತು. ನನಗೆ ಇವೆರಡೂ ಬೇರೆ. ಮಳೆ ಅದೇ, ಹಳ್ಳ ಅದೇ, ಆಚೆ ದಡದಲ್ಲಿ ನೋವು ತಿನ್ನುತ್ತಿದ್ದ ಹೆಂಗಸೂ ಅವಳೇ. ಸಾಲು ಮಾತ್ರ ಬೇರೆ. ನನಗೆ ತಿಳಿಯುವುದು ಸಾಲು. ಮೈನಸ್, ಪ್ಲಸ್. ಮೈನಸ್, ಪ್ಲಸ್. ಎಂಟರ್ ಜಾರಿದಲ್ಲೆಲ್ಲ ಗಂಗಕ್ಕನ ಸಾಲನ್ನು ಅಳಿಸಿದೆ, ಅವರದೇ ಮಾತನ್ನು ಅಬ್ಬಿಗೇರಿ ಸರ್ ಕಡೆಗೆ ಬರೆದೆ. ಕಳ್ಳನನ್ನು ಹಿಡಿಯಲು ಹುಟ್ಟಿದವನು ಕಳ್ಳನಿಗೆ ಪ್ರಮಾಣಪತ್ರ ಬರೆಯುತ್ತಿದ್ದೆ, ಅದೂ ಒಂದಕ್ಷರ ಸುಳ್ಳು ಹೇಳದೆ.

ಎರಡೂ ಕಡತಗಳಲ್ಲಿ ಬದಲಾಗದೆ ಉಳಿದವು ತುಂಡು ಸಾಲುಗಳು ಮಾತ್ರ. ಅಧ್ಯಾಯದ ತಲೆಬರಹಗಳು, ಮತ್ತೆ ಹೆರಿಗೆ ನೋವಿನಲ್ಲಿ ಹೆಂಗಸರು ಕೂಗಿದ್ದು. 'ಯವ್ವಾ!' 'ಯಕ್ಕಾ, ಸಾಯ್ತೀನಿ!' ಅಗಲ ಎಷ್ಟೇ ಕಡಿಮೆಯಾದರೂ ಅವು ಮುರಿಯುವಷ್ಟು ಉದ್ದವಿರಲಿಲ್ಲ. ಇಡೀ ಪುಸ್ತಕದಲ್ಲಿ ಗಂಗಕ್ಕನದೆಂದು ನಾನು ಒಪ್ಪಿದ್ದು ಆ ಕೂಗುಗಳನ್ನಷ್ಟೇ.

"ಅಯ್ಯಯ್ಯ, ಒಂದ ಸಾಲೂ ಉಳದಿಲ್ಲಲ್ರಿ!" ಎಂದರು ಚಂಬಣ್ಣ. ಅವರ ದನಿಯಲ್ಲಿ ಬಿಡುಗಡೆಯಿತ್ತು.

ಗಂಗಕ್ಕ ಕನ್ನಡಕ ಏರಿಸಿಕೊಂಡು ಪರದೆಗೆ ಮುಖ ತಂದರು. "ಅಲ್ಲೋ ಮಾರಾಯಾ, ಮ್ಯಾಲಿಂದು ಓದು, ಕೆಳಗಿಂದು ಓದು. ಎರಡೂ ಒಂದ ಅದಾವು!"

"ಓದಿದ್ರ ಒಂದ ಅನಸ್ತಾವ ಬಾಯಾರ" ಎಂದರು ಅಬ್ಬಿಗೇರಿ ಸರ್, ಸಮಾಧಾನದಿಂದ. "ಅದಕ್ಕ ಯಂತ್ರ ಬೇಕಾಗೂದು."

ನನಗೆ ಬಾಯಿ ಇದ್ದಿದ್ದರೆ! ಇಲ್ಲ, ಇದ್ದಿದ್ದರೂ 'ಪ್ರತಿ ಸಾಲೂ ಬೇರೆ' ಎಂದೇ ಹೇಳುತ್ತಿದ್ದೆ. ನನಗೆ ಕಲಿಸಿದ್ದು ಅಷ್ಟೇ.

ಹೋಗುವಾಗ ಸರ್, "ಹಳೇ ಕಡತ ತಗದ ಬಿಡ್ರಿ, ಮುಂದ ಗೊಂದಲ ಆಗ್ತೈತಿ" ಎಂದರು. ಚಂಬಣ್ಣ ಅಳಿಸಿದರು. ಅಚ್ಚು ಮುಗಿದ ಮೇಲೆ ಕೈಬರಹದ ಹಾಳೆಗಳು ರದ್ದಿಗೆ ಹೋಗುವುದು ಪ್ರೆಸ್ಸಿನ ಪದ್ಧತಿ. ಗಂಗಕ್ಕನವೂ ಹೋದವು. ಯಾವುದೋ ಮಿರ್ಚಿ ಅಂಗಡಿಯಲ್ಲಿ ಅವರ ಹೆರಿಗೆಗಳು ಎಣ್ಣೆ ಕುಡಿದವು.

ದಾವಲಬಿ ತಿರುಗಿ ಬರುವಷ್ಟರಲ್ಲಿ ಪುಸ್ತಕ ಬಿಡುಗಡೆಯಾಗಿತ್ತು. ವಿಷಯ ಕೇಳಿ ಅವಳು ಹಣೆ ಬಡಿದುಕೊಂಡಳು. "ಅಯ್ಯ ನನ್ನ ಕರ್ಮ! ಅವು ನಾ ಹೊಡದ ಎಂಟರ್ರಿ ಸಾವಕಾರ್ರ! ಸರ್ ಎಲ್ಲಿ ಬರದಾರ?" ಚಂಬಣ್ಣ ಕೇಳಿಸದವರಂತೆ ಫೋನು ತೆಗೆದುಕೊಂಡು ಹೊರಗೆ ಹೋದರು.

ದಾವಲಬಿಯೇ ಗಂಗಕ್ಕನನ್ನು ಕರೆಸಿದಳು. ಸರ್ ತಿದ್ದಿದ್ದ ಹೊಸ ಕಡತ ತೆರೆದು ಅದರ ಇನ್ನೊಂದು ಪ್ರತಿ ಮಾಡಿದಳು. ಗಂಗಕ್ಕ ಪಕ್ಕದಲ್ಲಿ ಕೂತು ನೆನಪಿನಿಂದ ಹೇಳುತ್ತ ಹೋದರು.

"ಇದೇನಿದು, ನಾಭಿನಾಳ? ತಗಿ ಅದನ್ನ. ಹೊಕ್ಕಳಬಳ್ಳಿ ಅನ್ನು."

"ನಾ ಇದನ್ನ ಹೊಡಿವಾಗನ ಅನಕೊಂಡಿದ್ದೆರಿ ಅಕ್ಕಾರ, ಈ ಹೆಣ್ಣಮಗಳಿಗೆ ಏನ ರೋಗ ಬಂತಪಾ ಅಂತ."

ಇಬ್ಬರೂ ನಕ್ಕರು. ಆ ಕೋಣೆಯಲ್ಲಿ ನಾನು ಕೇಳಿದ ಒಳ್ಳೆಯ ನಗು ಅದೊಂದೇ. ಸಾಲುಗಳನ್ನು ಅವರು ಮುರಿಯಲಿಲ್ಲ, ಮಾತನ್ನಷ್ಟೇ ಬದಲಿಸಿದರು. ಮುಗಿದ ಮೇಲೆ ದಾವಲಬಿ ನನ್ನನ್ನು ಕರೆದು ಎರಡು ಕಡತಗಳನ್ನೂ ಕೊಟ್ಟಳು. ಈಗ ನಾನು ಸರಿಯಾಗಿ ಹೇಳಿದೆ. ಅಲ್ಲೊಂದು, ಇಲ್ಲೊಂದು. ಪರದೆ ತುಂಬಿ ಮುಂದಕ್ಕೆ ಚೂರು ಹರಿಯಿತು, ಅಷ್ಟೇ. ಇಡೀ ಪುಸ್ತಕದಲ್ಲಿ ಅಬ್ಬಿಗೇರಿ ಸರ್ ಇದ್ದದ್ದು ಅಷ್ಟು.

ಚಂಬಣ್ಣನನ್ನು ಕರೆದು ತೋರಿಸಿದರು. ಅವರು ಕೊನೆಯವರೆಗೆ ಸರಿಸಿ ನೋಡಿದರು.

"ಇದನ್ನ ನೀವು ಈಗ ಕೂತು ತಿದ್ದಿದ್ದಲ್ಲೇನ್ರಿ ಅಕ್ಕಾರ? ಮೊದಲಿಂದು ಎಲ್ಲೈತಿ?"

"ನೀನ ಅಳಿಸೀದಿ."

"ಅದ ಹೇಳಾಕ ಹತ್ತೀನಿ. ಇಲ್ಲದ್ದಕ್ಕ ಸಾಕ್ಷಿ ಹೆಂಗ ಮಾಡೂದು?" ಆಮೇಲೆ ದನಿ ತಗ್ಗಿಸಿ, "ಹೋಗಲಿ ಬಿಡ್ರಿ. ಊರ ತುಂಬ ಎಷ್ಟ ಕೂಸು ಹಡಸೀರಿ. ಎಲ್ಲಾಕೂ ನಿಮ್ಮ ಹೆಸರಿಟ್ಟಾರೇನು?" ಎಂದರು.

ಗಂಗಕ್ಕ ಎದ್ದು ನಿಂತರು. "ಅವನ್ನ ಹಡಸಿದ್ದೆ ಚಂಬಣ್ಣಾ. ಇದನ್ನ ಹಡದಿದ್ದೆ."

ಪುಸ್ತಕ ಕಾಲೇಜಿಗೆ ಪಠ್ಯವಾಯಿತು. ಎರಡನೆಯ ಮುದ್ರಣಕ್ಕೆ ಕಡತ ತೆಗೆ ಎಂದು ಚಂಬಣ್ಣ ಹೇಳಿದಾಗ ದಾವಲಬಿ ಗಂಗಕ್ಕ ತಿದ್ದಿಸಿದ್ದ ಕಡತವನ್ನೇ ಅಚ್ಚಿಗೆ ಕಳಿಸಿದಳು. ಮರೆವೋ ಹಟವೋ, ಅವಳ ಮುಖ ನೋಡಿ ಹೇಳುವುದು ನನ್ನ ವಿದ್ಯೆಯಲ್ಲ. ಯಾರೂ ತಾಳೆ ನೋಡಲಿಲ್ಲ. ಪುಸ್ತಕದ ಕಟ್ಟು ಬಂದ ದಿನ ಅಬ್ಬಿಗೇರಿ ಸರ್ ಪ್ರೆಸ್ಸಿನಲ್ಲೇ ಒಂದನ್ನು ಬಿಚ್ಚಿ, ನಡುವಿನ ಪುಟ ತೆರೆದು ಗಟ್ಟಿಯಾಗಿ ಓದಿದರು.

"'ಕತ್ತರಿ ಕುದಿಸಿಕೊಂಡು ಹೊಕ್ಕಳಬಳ್ಳಿ ಕೊಯ್ದೆ. ಬಾಣಂತಿ ಕಣ್ಣು ತೆರೆದು, ಗಂಡೋ ಹೆಣ್ಣೋ ಕೇಳಲಿಲ್ಲ, ಅಳ್ತೈತೇನ್ರಿ ಅಂತ ಕೇಳಿದಳು.' ಆಹಾಹಾ! ನೋಡ್ರಿ ಚಂಬಣ್ಣಾರ, ಮಣ್ಣಿನ ವಾಸನಿ ಹೆಂಗ ಹಿಡದೀನಿ!"

ಪ್ರತಿ ಸಾಲನ್ನೂ ಬರೆದವರಿಗೆ ತಮ್ಮ ನಾಭಿನಾಳ ಕೊಯ್ದುಹೋದದ್ದು ಗೊತ್ತಾಗಲಿಲ್ಲ. ದಾವಲಬಿ ತಲೆ ಎತ್ತದೆ 'ಟಪ್' ಎಂದು ಎಂಟರ್ ಹೊಡೆದಳು.

ಕೆಲವು ದಿನ ಬಿಟ್ಟು ಗಂಗಕ್ಕ ಬಂದರು. ದಾವಲಬಿ ಕೊಟ್ಟ ಪುಸ್ತಕವನ್ನು ಪುಟ ಪುಟ ತಿರುವಿದರು. ತಮ್ಮ ಮಾತು ಸಿಕ್ಕಲ್ಲೆಲ್ಲ ಬೆರಳಿಟ್ಟು ಸವರಿದರು. ಆಮೇಲೆ ಮುಚ್ಚಿ ಮುಖಪುಟ ನೋಡಿದರು.

"ಇಷ್ಟೆಲ್ಲಾ ತಿದ್ದಿದಿ. ಈ ಹೆಸರೊಂದ ತಿದ್ದಾಕ ಬರಲಿಲ್ಲೇನವಾ?"

"ಮುಖಪುಟ, ಒಳಪುಟ ನನ್ನ ಕಡತದಾಗ ಇರೂದಿಲ್ರಿ ಅಕ್ಕಾರ. ಅವು ಹುಬ್ಬಳ್ಳ್ಯಾಗ ಬ್ಯಾರೆ ಆಗಿ ಬರ್ತಾವು."

ಗಂಗಕ್ಕ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಇಟ್ಟು ಹೋದರು. ಮತ್ತೆ ಬರಲಿಲ್ಲ. ಆಮೇಲೆ ಏನನ್ನೂ ಬರೆಯಲಿಲ್ಲವೆಂದು ದಾವಲಬಿ ಯಾರಿಗೋ ಹೇಳುವಾಗ ಕೇಳಿದೆ.

ಈಗ ಪ್ರೆಸ್ಸಿಗೆ ಹೊಸ ಕಂಪ್ಯೂಟರ್‌ಗಳು ಬಂದಿವೆ. ನಾನಿರುವ ಹಳೆಯ ಪೆಟ್ಟಿಗೆ ಕಾಗದದ ರೀಮುಗಳ ಹಿಂದೆ, ಬಟ್ಟೆ ಹೊದ್ದು, ಮೂಲೆ ಹಿಡಿದಿದೆ. ಇಂದಿಗೂ ಯಾರಾದರೂ ವಿದ್ಯುತ್ತು ಕೊಟ್ಟು ಎರಡು ಪ್ರತಿಗಳನ್ನು ಮುಂದಿಟ್ಟರೆ ಎಲ್ಲೆಲ್ಲಿ ಬೇರೆ ಎಂದು ತಪ್ಪಿಲ್ಲದೆ ಹೇಳುತ್ತೇನೆ. ಆದರೆ ಯಾರದು ಎಂದು ಮಾತ್ರ ನನ್ನನ್ನು ಕೇಳಬೇಡಿ. ಅದಕ್ಕೆ ಕೂತು ಓದಬೇಕು. ನನ್ನನ್ನು ಪಂಚನಾಗಿ ಕೂರಿಸಿದ ದಿನ ಆ ಕೋಣೆಯಲ್ಲಿ ಓದು ಬಲ್ಲವರು ಮೂವರಿದ್ದರು, ಓದಿದವರು ಒಬ್ಬರೇ.