ಕೈಪಿಡಿಯಲ್ಲಿಲ್ಲದ ಹೂಂ

ಪರದೆಯ ಮೇಲೆ ನನ್ನದೇ ವಾಕ್ಯ ಎಷ್ಟು ಬೆಳ್ಳಗೆ ಕಾಣುತ್ತಿದೆ, ಕಾಗದದ ಹಳದಿ ಇಲ್ಲ, ಅಂಚಿನ ಶಾಯಿಯ ಕಲೆ ಇಲ್ಲ — ಜನಪದ ಕಥೆಗಳ ದತ್ತಸಂಚಯದಲ್ಲಿ ಹುಡುಕುವ ಸಂಶೋಧಕರಿಗೆಂದು ಹತ್ತೊಂಬತ್ತು ವರ್ಷ ಬರೆದ ಕೈಪಿಡಿ, ಯಾವ ಕಥೆಗೆ ನ್ಯಾಮತಿಯಲ್ಲಿ ಯಾವ ಹೆಸರು, ಹೊನ್ನಾಳಿಯಲ್ಲಿ ಯಾವುದು, ಯಾವ ಪದ ಕೊಟ್ಟರೆ ಯಾವುದು ಸಿಗುತ್ತದೆ, ಆರು ಸಂಪುಟ, ಅಷ್ಟನ್ನೂ ಈಗ ಚನ್ನಗಿರಿಯ ಈ ರುಹೀನಾ, ನನ್ನ ಸಹಾಯಕಿ, ಅಂತರ್ಜಾಲಕ್ಕೆ ಸಾಗಿಸುತ್ತಿದ್ದಾಳೆ, ಸರ್, ಒಂದೊಂದೇ ಪುಟ ನೋಡಿ ಒಪ್ಪಿಗೆ ಒತ್ತಿರಿ, ಉಳಿದಿದ್ದು ನಾನ್ ನೋಡ್ಕಂತೀನಿ ಅಂದಳು, ನೋಡಿಕೊಳ್ಳಲಿ, ಮುಖಪುಟದಲ್ಲಿ ನನ್ನ ಹೆಸರಿದ್ದರೆ ಸಾಕು ಅಂದುಕೊಂಡಿದ್ದೆ, ನೂರಾ ಹನ್ನೆರಡನೆಯ ನಮೂದು ಬರುವವರೆಗೆ. ಹುತ್ತಕ್ಕೆ ಕೈಯಿಟ್ಟ ಸೊಸೆಯ ಕಥೆ, ನಿರೂಪಕಿ ಜಗಳೂರಿನ ಭೀಮಕ್ಕ, ಕೊನೆ ಲಭ್ಯವಿಲ್ಲ, ನಿರೂಪಕಿಗೆ ಮರೆತಿದೆ — ಹಾಗೆಂದು ನಾನು ಬರೆದದ್ದು. ಈಗ ಅಲ್ಲಿ ಕೊನೆ ಇದೆ, ಇಡಿಯಾಗಿ, ಧ್ವನಿಯ ಸಮೇತ, ಸಂಗ್ರಹ: ರುಹೀನಾ.

ನಾಲ್ಕು ಸಲ ಹೋಗಿದ್ದೇನೆ ಭೀಮಕ್ಕನ ಜಗಲಿಗೆ, ನಾಲ್ಕು ಸಲವೂ ಸೊಸೆ ಹುತ್ತದೊಳಗೆ ಕೈ ಇಳಿಸುವಲ್ಲಿಗೆ ಅವಳು ಕಥೆ ನಿಲ್ಲಿಸಿದಳು, ಬಿಡಿಸುತ್ತಿದ್ದ ಶೇಂಗಾ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಡೆಯದೆ ನಿಂತಿತು, ನನ್ನ ಮುಖ ನೋಡಿದಳು, ನಾನು ಧ್ವನಿಮುದ್ರಣ ಕೆಡದಂತೆ ಉಸಿರು ಬಿಗಿಹಿಡಿದು ಕುಳಿತಿದ್ದೆ, ಮುಂದಕ್ಕೆ ನೆಪ್ಪಿಲ್ರಿ ಮೇಷ್ಟ್ರೇ, ಅಂದಳು. ರುಹೀನಾಳಿಗೋ ಒಂದೇ ಮಧ್ಯಾಹ್ನ ಸಾಕಾಯಿತು, ಏನು ಕೊಟ್ಟು ಒಲಿಸಿಕೊಂಡಳೋ, ಬೆಳಿಗ್ಗೆ ಕೇಳಿಯೇಬಿಟ್ಟೆ, ಏನೂ ಕೊಟ್ಟಿಲ್ಲ ಸರ್, ನಮ್ಮ ನಾನಿ ಕತೆ ಹೇಳುವಾಗ ಹೂಂ ಅಂತಿದ್ದೆ, ಇಲ್ಲೂ ಹೂಂ ಅಂದೆ, ಅದಕ್ಕೆ ಅವರು, ನಿಮ್ ಮೇಷ್ಟ್ರು ಗ್ವಾಡೆ ಇದ್ದಂಗೆ ಕುಂದುರ್ತಾರೆ ಕಣವ್ವ, ಗ್ವಾಡಿಗೆ ಹೆಂಗೆ ಕತಿ ಹೇಳಾಕಾಗುತ್ತೆ ಅಂದ್ರು — ನಕ್ಕಳು, ನಾನೂ ನಕ್ಕೆ, ಹಲ್ಲಿನಿಂದ ಮಾತ್ರ. ಆದರೆ ಕೈಪಿಡಿಯ ನಾಲ್ಕನೆಯ ನಿಯಮ ನನ್ನದು, ಕೇಳುಗರು ಹೂಂಗುಟ್ಟಿದ ಮುದ್ರಣ ಸ್ವೀಕಾರಾರ್ಹವಲ್ಲ, ಒಮ್ಮೆ ತಿರಸ್ಕಾರ ಒತ್ತಿದರೆ ಕೊನೆ ಮತ್ತೆ ಲಭ್ಯವಿಲ್ಲ, ಅವಳ ಹೆಸರೂ ಇಲ್ಲ, ಎಲ್ಲವೂ ನಿಯಮಬದ್ಧ, ಒತ್ತುವ ಮೊದಲು ಅವಳ ಮುದ್ರಣ ಒಮ್ಮೆ ಕೇಳಿಬಿಡೋಣ, ಕೇಳುತ್ತೇನೆ, ಶೇಂಗಾ ಚಟ್ ಚಟ್ ಒಡೆಯುತ್ತಿದೆ, ಸೊಸೆ ಹುತ್ತದ ಮುಂದೆ ಕುಳಿತಳು, ಬಳೆ ಹಿಂದಕ್ಕೆ ಸರಿಸಿದಳು, ಕೈ ಇಳಿಸಿದಳು, ಚಟ್ ಚಟ್ ನಿಂತಿತು, ಈ ಮೌನ ನನಗೆ ಗೊತ್ತು, ನಾಲ್ಕು ಸಲ ಇದರೊಳಗೆ ಕುಳಿತಿದ್ದೇನೆ, ರುಹೀನಾಳ ದನಿ ಬರುವ ಮೊದಲೇ ಈ ಕೋಣೆಯಲ್ಲಿ ಯಾರೋ ಹೂಂ ಅಂದರು, ನನ್ನದೇ ಗಂಟಲು, ಯಾರಿಗೆ ಅಂದೆ, ಬೆರಳು ಇನ್ನೂ ತಿರಸ್ಕಾರದ ಮೇಲೆಯೇ ಇದೆ, ಒತ್ತಲಾಗುತ್ತಿಲ್ಲ, ತೆಗೆಯಲಾಗುತ್ತಿಲ್ಲ, ಭೀಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಡೆಯದ ಒಂದು ಶೇಂಗಾ